ಅಮ್ಮನಿಗೆ 30ಕ್ಕೆ 19: ಇದು ಅಲ್ಝೈಮರ್ ಕಾಯಿಲೆಯಾ?

ಪ್ರಶ್ನೆ: ಅಮ್ಮನಿಗೆ 74 ವರ್ಷ. ಓದಿದ್ದು ಮೂರನೇ ಕ್ಲಾಸು. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 19 ಬಂತು. ರಕ್ತ ಎಲ್ಲಿಗೆ ಎಷ್ಟು ಹೋಗುತ್ತಿದೆ ಅಂತ ತೋರಿಸುವ ಸ್ಪೆಕ್ಟ್ ಸ್ಕ್ಯಾನ್‌ನಲ್ಲಿ ಮೆದುಳಿನ ಹಿಂಬದಿಗೆ ರಕ್ತದ ಹರಿವು ಕಡಿಮೆ ಅಂತ ಬರೆದಿದ್ದಾರೆ. ರಕ್ತನಾಳ ಬ್ಲಾಕ್ ಆಗಿದೆಯಾ? ಹರಿವು ಜಾಸ್ತಿ ಮಾಡಿದರೆ ನೆನಪು ಬರುತ್ತಾ?
— ಓದುಗರು, ತಿಪಟೂರು

ಉತ್ತರ: ಮೊದಲು ಆ 19ರ ಮಾತು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಐದು ಮೂಲೆಯ ಚಿತ್ರ ನೋಡಿ ಬಿಡಿಸಿ. 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ 30 ಅಂಕದ ಪರೀಕ್ಷೆಯಲ್ಲಿ (ಎಂಎಂಎಸ್‌ಇ; ಅಮ್ಮನಿಗೆ ಮಾಡಿದ್ದು ಬಹುಶಃ ಇದೇ) ಇವೆಲ್ಲ ಇವೆ. ಶಾಲೆ ಕಲಿಯದವರಿಗೆ ಇಲ್ಲೇ ಅಂಕ ಸೋರಿಹೋಗುತ್ತದೆ.

ನಮ್ಮ ಅತ್ತೆ ಪೆನ್ನು ಹಿಡಿದಿದ್ದು ರುಜು ಹಾಕೋಕೆ ಮಾತ್ರ. ಗಡಿಯಾರ ಬಿಡಿಸಿ ಅಂದರೆ ಕೈ ನಡುಗಿತು. ತೆಂಗಿನಕಾಯಿ ಲೆಕ್ಕ ಕೇಳಿದೆ, ಒಂದು ರೂಪಾಯಿ ತಪ್ಪಲಿಲ್ಲ. ಆದರೆ ಹತ್ತು ನಿಮಿಷದಲ್ಲಿ ನಾಲ್ಕು ಸಲ "ಹಾಲಿನವನು ಬಂದನಾ?" ಅಂದರು. ನನಗೆ ಸಂಶಯ ಬಂದಿದ್ದು ಆ ಮಾತಿನಿಂದ. ನಿಮ್ಮಮ್ಮ ಮನೆಯಲ್ಲಿ ಹೇಗಿದ್ದಾರೆ? ಒಗ್ಗರಣೆ ಹಾಕಿದ್ದು ಮರೆಯುತ್ತಾರಾ, ದಾರಿ ತಪ್ಪುತ್ತಾರಾ? ಬರೆದಿಟ್ಟು ಡಾಕ್ಟರಿಗೆ ಕೊಡಿ. ನಮ್ಮಂಥ ಡಾಕ್ಟರುಗಳಿಗೆ ಅದು ತುಂಬಾ ಬೇಕು.

ಈಗ ರಕ್ತದ ಹರಿವು. ಮೆದುಳಿನ ತೂಕ ದೇಹದಲ್ಲಿ ನೂರಕ್ಕೆ 2ರಷ್ಟು, ಅದಕ್ಕೆ ಬೇಕಾಗುವ ಆಮ್ಲಜನಕ ನೂರಕ್ಕೆ 20ರಷ್ಟು. ಕೆಲಸ ಜಾಸ್ತಿ ಇರುವ ಕಡೆಗೆ ರಕ್ತವೂ ಜಾಸ್ತಿ ಹೋಗುತ್ತದೆ. ಅಲ್ಝೈಮರ್‌ನಲ್ಲಿ ಕಿವಿಯ ಮೇಲೆ, ನೆತ್ತಿಯ ಹಿಂದೆ ಇರುವ ಭಾಗಗಳ ನರಕೋಶಗಳು ಸೊರಗುತ್ತವೆ. ಕೆಲಸ ತಗ್ಗಿತು, ಹರಿವೂ ತಗ್ಗಿತು. ಸಣ್ಣ ರಕ್ತನಾಳಗಳು ಬಿಗಿಯುವುದೂ ಇದೆ. ಹೃದಯದಲ್ಲಿ ಆಗುವಂಥ ಬ್ಲಾಕ್ ಅಂತ ಈ ವರದಿ ಹೇಳುತ್ತಿಲ್ಲ. ಹರಿವು ಹಣೆಯ ಕಡೆ ಕಡಿಮೆ ಇದ್ದಿದ್ದರೆ ಬೇರೆ ಬಗೆಯ ಮರೆವಿನ ಕಾಯಿಲೆ ಯೋಚಿಸುತ್ತಿದ್ದೆವು. ಸ್ಕ್ಯಾನಿನ ಉಪಯೋಗ ಇಷ್ಟು. ಅದೊಂದನ್ನೇ ಹಿಡಿದು ಕಾಯಿಲೆ ಇದೇ ಅಂತ ಹೇಳೋಕಾಗಲ್ಲ.

ಹರಿವು ಹೆಚ್ಚಿಸಿ ನೆನಪು ತರುತ್ತೇವೆ ಅಂತ ಮಾರುವ ಟಾನಿಕ್ಕಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಬಿಪಿ, ಶುಗರ್ ಹಿಡಿತದಲ್ಲಿಡಿ. ಬಿ12, ಥೈರಾಯ್ಡ್ ನೋಡಿಸಿದ್ದೀರಾ? ಅವು ಕಡಿಮೆಯಾದರೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಮ್ಮ ದೇಶದವರಿಗೆ ಅಂತಲೇ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ, ಕೇಳಿ ನೋಡಿ. ಹೋಗುವಾಗ ಅಮ್ಮನ ಕನ್ನಡಕ ಮರೆಯಬೇಡಿ. ಕಣ್ಣು ಕಾಣದೆ ತಪ್ಪಿದ್ದೂ ಮರೆವಿನ ಲೆಕ್ಕಕ್ಕೆ ಸೇರಿಬಿಡುತ್ತದೆ.