ಕೊಲ್ಹಾಪುರ ಪಾಸಿಂಗ್ ಆಲ್ಟೋ: ರೇಟಿಗಿಂತ ಮೊದಲು ಆರ್‌ಸಿ ನೋಡಿ

ಬೆಳಗಾವಿಯಲ್ಲಿ ಓಡಿಸಲು 2011ರ ಎಂಎಚ್ 09 (ಕೊಲ್ಹಾಪುರ ನೋಂದಣಿಯ) ಆಲ್ಟೋ ಅಗ್ಗಕ್ಕೆ ಸಿಗುತ್ತಿದೆ, ಮೊದಲ ಕಾರಾಗಿ ತಗೊಳ್ಳಲಾ ಅಂತ ಕೇಳಿದ್ದೀರಿ. ಗಾಡಿ ಒಳ್ಳೆಯದೇ. ಬಿಡಿಭಾಗ ಎಲ್ಲಾ ಕಡೆ ಸಿಗುತ್ತವೆ. ತೊಡಕಿರುವುದು ಕಾಗದಪತ್ರದಲ್ಲಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಅಂದರೆ ಇದಕ್ಕೆ 2026ರಲ್ಲಿ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಜೊತೆಗೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ತೆರಿಗೆ ಕಟ್ಟಿ ಕೆಎ 22 ನಂಬರ್ ಮಾಡಿಸಬೇಕು. ಇದೆಲ್ಲ ಕೂಡಿಸಿದರೆ ಅಗ್ಗ ಎಲ್ಲಿ ಉಳಿಯಿತು, ಅಲ್ವಾ? ನಾನಾಗಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟು ಲೋಕಲ್ ಪಾಸಿಂಗ್ ಗಾಡಿಯನ್ನೇ ಹುಡುಕುತ್ತಿದ್ದೆ.

ಯಾವುದೇ ಗಾಡಿ ನೋಡಿದರೂ ಗ್ಯಾರೇಜಿನಲ್ಲಿ ಮೇಲೆತ್ತಿಸಿ ಕೆಳಗಿನ ತುಕ್ಕು ನೋಡಿ. ನಮ್ಮೂರ ಮಳೆ ಗೊತ್ತಲ್ಲ! ಎಂಜಿನ್ ತಣ್ಣಗಿದ್ದಾಗ ನೀವೇ ಸ್ಟಾರ್ಟ್ ಮಾಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಹೇಳದೆ ಹೋಗಿ.