ಓದುಗರ ಪ್ರಶ್ನೆ: ವಂಡರ್‌ಲಾಗೆ ಹೊರಟ ಮನೆಯ ಖರ್ಚು

ಪ್ರಶ್ನೆ: ನಾವಿಬ್ಬರು, ಅತ್ತೆ, 9 ವರ್ಷದ ಮಗಳು, 7 ವರ್ಷದ ಮಗ. ಬಿಡದಿಯ ವಂಡರ್‌ಲಾಗೆ ಹೋಗಲೇಬೇಕು ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಖರ್ಚು ಕೈಮೀರದಂತೆ ಹೋಗಿಬರುವುದು ಹೇಗೆ?
— ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೊದಲು ಮಕ್ಕಳ ಎತ್ತರ ಅಳೆಯಿರಿ. ಅಲ್ಲಿ ಮಕ್ಕಳ ಟಿಕೆಟ್‌ಗೆ ನೋಡುವುದು ವಯಸ್ಸನ್ನಲ್ಲ, ಎತ್ತರವನ್ನು. 85 ಸೆಂ.ಮೀ. ಒಳಗಿದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ದರ, ಆಮೇಲೆ ದೊಡ್ಡವರ ದರ. ಚಪ್ಪಲಿ ಬಿಚ್ಚಿಸಿ, ತುರುಬಿದ್ದರೆ ಇಳಿಸಿ, ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ. ತಲೆಯ ಮೇಲೆ ಪುಸ್ತಕ ಅಡ್ಡವಿಟ್ಟು ಪೆನ್ಸಿಲ್ ಗೆರೆ ಎಳೆದು ಟೇಪ್ ಹಿಡಿಯಿರಿ. 140 ದಾಟದ ಮಕ್ಕಳನ್ನು ಮೈ ಜುಂ ಎನಿಸುವ ಎಷ್ಟೋ ಆಟಗಳಿಗೆ ಹತ್ತಿಸುವುದೇ ಇಲ್ಲ. ಹಾಗಾಗಿ ಅವರಿಗೆ ಫಾಸ್ಟ್ ಟ್ರ್ಯಾಕ್ ಟಿಕೆಟ್ (ಉದ್ದ ಸಾಲಿನಲ್ಲಿ ಕಾಯದೆ ಆಟಕ್ಕೆ ಹತ್ತುವ ದುಬಾರಿ ಟಿಕೆಟ್) ಕೊಂಡರೆ ದುಡ್ಡು ದಂಡ.

ದಿನ ಆರಿಸುವುದರಲ್ಲೂ ಉಳಿತಾಯವಿದೆ. ಶನಿವಾರ, ಭಾನುವಾರ, ದಸರಾ ರಜೆ, ಏಪ್ರಿಲ್-ಮೇ ಎಲ್ಲ ದುಬಾರಿ, ಜನವೂ ಜಾತ್ರೆ. ಡಿಸೆಂಬರ್-ಜನವರಿಯಲ್ಲಿ ವಾರದ ದಿನಗಳಲ್ಲೂ ಶಾಲಾ ಪ್ರವಾಸದ ಬಸ್ಸುಗಳು ಬಂದಿಳಿಯುತ್ತವೆ. ಜುಲೈ-ಆಗಸ್ಟ್‌ನ ಒಂದು ಮಂಗಳವಾರವೋ ಬುಧವಾರವೋ ಒಳ್ಳೆಯದು. ಟಿಕೆಟ್ ಅವರದೇ ವೆಬ್‌ಸೈಟಿನಲ್ಲಿ ಮುಂಚೆಯೇ ತೆಗೆಯಿರಿ. 60 ದಾಟಿದವರಿಗೆ ರಿಯಾಯಿತಿ ಉಂಟು, ಅತ್ತೆಯವರ ಆಧಾರ್ ಜೊತೆಗಿರಲಿ. ಅವರು ನೀರಿಗೂ ಇಳಿಯದೆ, ಆಟಕ್ಕೂ ಹತ್ತದೆ ನೆರಳಲ್ಲಿ ಕೂರುವವರಾದರೆ, ಆ ಒಂದು ದಿನ ಬೆಂಗಳೂರಿನ ನೆಂಟರ ಮನೆಯಲ್ಲಿರುವುದೇ ಅವರಿಗೂ ಹಿತ.

ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಬಟ್ಟೆಯ ವಿಷಯದಲ್ಲಿ. ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ಅದು ನೀರು ಹೀರಿ ಭಾರವಾಗುತ್ತದೆ, ಎಳೆ ಬಿಟ್ಟು ಫಿಲ್ಟರ್ ಕಟ್ಟುತ್ತದೆ. ಸೀರೆ, ದುಪಟ್ಟಾ ಕೂಡ ನಡೆಯದು. ಇದು ಗೊತ್ತಿಲ್ಲದೆ ಹೋದವರು ಅಲ್ಲಿನ ಅಂಗಡಿಯಲ್ಲೇ ಕೊಳ್ಳಬೇಕಾಗುತ್ತದೆ. ನಿಮ್ಮೂರಲ್ಲೇ ತಲೆಗೊಂದು ನೈಲಾನ್ ಅಥವಾ ಪಾಲಿಯೆಸ್ಟರ್ ಟೀ ಶರ್ಟ್, ಲೆಗ್ಗಿಂಗ್ಸ್ ಇಲ್ಲವೇ ಚಡ್ಡಿ ತೆಗೆದುಕೊಳ್ಳಿ. ಲೇಬಲ್ ಓದಿ: 'ಕಾಟನ್ ಮಿಕ್ಸ್' ಬೇಡ. ಟವೆಲ್, ಮೊಬೈಲಿಗೆ ನೀರು ಹೋಗದ ಚೀಲ ಮನೆಯಿಂದಲೇ ಇರಲಿ. ಎಲ್ಲರ ಸಾಮಾನನ್ನೂ ಒಂದೇ ಬ್ಯಾಗಿಗೆ ತುಂಬಿದರೆ ಒಂದೇ ಲಾಕರ್ ಬಾಡಿಗೆ ಸಾಕು.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿಯನ್ನು ಗೇಟು ತೆರೆಯುವ ಮುಂಚೆಯೇ ಹೊರಗೆ ಕೂತು ಹೊಟ್ಟೆ ತುಂಬ ಉಣ್ಣಿ. ಮಂಡಕ್ಕಿ ಒಗ್ಗರಣೆಯನ್ನು ವಾಪಸ್ ದಾರಿಗೆ ಎತ್ತಿಡಿ. ನೀರಾಟದ ನಂತರ ಮಕ್ಕಳ ಹಸಿವು ಕೇಳಬೇಡಿ!

ಇನ್ನು ಬಸ್ಸು. ರಾಜಹಂಸ, ಸ್ಲೀಪರ್, ಎ.ಸಿ. ಬಿಟ್ಟು ಕೆಂಪು 'ಕರ್ನಾಟಕ ಸಾರಿಗೆ' ಬಸ್ಸಿಗೆ ಹತ್ತಿದರೆ, 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ನಿಮಗೆ, ಅತ್ತೆಗೆ, ಮಗಳಿಗೆ ಶೂನ್ಯ ಟಿಕೆಟ್. ಮಗನಿಗೆ ಅರ್ಧ, ಯಜಮಾನರಿಗೆ ಪೂರ್ತಿ. ಐದು ಜನಕ್ಕೆ ಒಂದೂವರೆ ಟಿಕೆಟ್! ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಮಗಳದ್ದೂ ಇರಲಿ. ರಾತ್ರಿ ಬಸ್ಸಿಗೆ ಹತ್ತಿದರೆ ಲಾಡ್ಜ್ ಖರ್ಚೂ ತಪ್ಪುತ್ತದೆ. ಬೆಂಗಳೂರಿನಿಂದ ಮುಂದೆ ಮೈಸೂರಿನ ನಾನ್‌ಸ್ಟಾಪ್ ಬಸ್ಸಿಗೆ ಹತ್ತಬೇಡಿ, ಅದು ಬಿಡದಿಯಲ್ಲಿ ನಿಲ್ಲದೆ ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಿಬಿಡುತ್ತದೆ. ಬಿಡದಿ, ರಾಮನಗರದ ಸಾಮಾನ್ಯ ಬಸ್ಸೇ ಸರಿ.

ಪ್ರಶ್ನೆ: ರೈಲಿನಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ ಇಲ್ಲವೇ?
— ಓದುಗರು, ಹರಿಹರ

ಉತ್ತರ: 5 ವರ್ಷ ತುಂಬಿ 12 ತುಂಬದ ಮಕ್ಕಳಿಗೆ ಅರ್ಧ ದರ ಸಿಗುವುದು ಬೇರೆ ಬರ್ತ್ ಬೇಡವೆಂದಾಗ ಮಾತ್ರ. ಬರ್ತ್ ಕೇಳಿದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ರಾತ್ರಿ ಸ್ಲೀಪರಿನಲ್ಲಿ ಚಿಕ್ಕ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು. 10 ವರ್ಷದ ಮಗುವಾದರೆ ಇಬ್ಬರಿಗೂ ನಿದ್ದೆಯಿಲ್ಲ, ಮರುದಿನದ ಆಟ ಕೆಡುತ್ತದೆ.

ಪ್ರಶ್ನೆ: ಸ್ವಂತ ಕಾರಿದೆ. ಟೋಲ್ ಉಳಿಸಲು ದಾರಿಯುಂಟೇ? ವಾರ್ಷಿಕ ಪಾಸ್ ಮಾಡಿಸಲೇ?
— ಶಿಕ್ಷಕರು, ಚಿತ್ರದುರ್ಗ

ಉತ್ತರ: ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾಯಿತು, 200 ಟ್ರಿಪ್ ಅಥವಾ ಒಂದು ವರ್ಷ. ಟೋಲ್ ಪ್ಲಾಜಾ ದಾಟಿದ್ದೆಲ್ಲ ಒಂದೊಂದು ಟ್ರಿಪ್. ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುವವರಿಗೆ ಅದು ಗಿಟ್ಟುವುದಿಲ್ಲ. ತುಮಕೂರು ರಸ್ತೆಯಿಂದ ಮೈಸೂರು ರಸ್ತೆಗೆ ಖಾಸಗಿ ನೈಸ್ ರಸ್ತೆಯಲ್ಲಿ ಹೋದರೆ ಅಲ್ಲಿ ಆ ಪಾಸ್ ನಡೆಯದು, ಟೋಲ್ ಬೇರೆ. ಹೆದ್ದಾರಿಯಲ್ಲಿ ಅದೇ ಪ್ಲಾಜಾಕ್ಕೆ 24 ಗಂಟೆಯೊಳಗೆ ಮರಳಿದರೆ ಹೋಗಿಬರುವ ಎರಡಕ್ಕೂ ಸೇರಿ ಒಂದೂವರೆ ಪಟ್ಟು ಮಾತ್ರ. ಆದರೆ ಆ ಉಳಿತಾಯಕ್ಕಾಗಿ, ದಿನವಿಡೀ ನೀರಲ್ಲಿ ದಣಿದ ಮೈಯಲ್ಲಿ 200 ಕಿ.ಮೀ. ರಾತ್ರಿ ಡ್ರೈವ್ ದಯವಿಟ್ಟು ಬೇಡ. ತುಮಕೂರಿನಲ್ಲಿ ಒಂದು ರೂಮು ಮಾಡಿ ಮಲಗಿ.

ಪ್ರಶ್ನೆ: ಮಗುವಿಗೆ ಎರಡೂವರೆ ವರ್ಷ. ಕರೆದೊಯ್ಯಬಹುದೇ?
— ತಾಯಿ, ಹೊಳಲ್ಕೆರೆ

ಉತ್ತರ: ಈಗ ಬೇಡ. ಅಷ್ಟು ಚಿಕ್ಕ ಮಗುವಿಗೆ ಅಲ್ಲಿ ಆಡಲು ಸಿಗುವುದು ಸ್ವಲ್ಪವೇ. ಮಗುವನ್ನು ಎತ್ತಿಕೊಂಡು ಒಬ್ಬರು ಹೊರಗೇ ನಿಲ್ಲಬೇಕಾಗುತ್ತದೆ, ಅವರ ಟಿಕೆಟ್ ದುಡ್ಡು ಹೋಯಿತು. ಈ ವರ್ಷ ದುರ್ಗದ ಕೋಟೆಗೇ ಹೋಗಿ, 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಬೆಳಿಗ್ಗೆ ಬೇಗ ಹತ್ತಿ. ಹತ್ತು ಗಂಟೆಯ ನಂತರ ಬಂಡೆ ಕಾದು ಮಗುವಿನ ಕಾಲು ಸುಡುತ್ತದೆ.