ಫೀಸು ಜಾಸ್ತಿಯಾಯಿತು ಅಂತ ಹೇಳೋಕೆ ಯಾವ ಡಾಕ್ಟರು ಬೇಕು?

ಪ್ರಶ್ನೆ: ನಮ್ಮ ತಾಯಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. 70 ಸಾವಿರ ಆಗುತ್ತೆ ಅಂದಿದ್ದರು. ಡಿಸ್ಚಾರ್ಜ್ ದಿನ ಕೈಗೆ ಬಂದ ಬಿಲ್ಲು 1,48,000. ಸಾಲ ಮಾಡಿ ಕಟ್ಟಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇವೆ. ಫೀಸು ಜಾಸ್ತಿಯಾಯಿತು ಅಂತ ನಮ್ಮ ಚಿಕ್ಕಪ್ಪ ಅಫಿಡವಿಟ್ ಕೊಟ್ಟಿದ್ದಾರೆ. ಅವರು ಚರ್ಮರೋಗದ ಡಾಕ್ಟರು, 30 ವರ್ಷದ ಅನುಭವ. ಎದುರು ವಕೀಲರು ಅವರು ತಜ್ಞ ಸಾಕ್ಷಿಯೇ ಅಲ್ಲ ಅನ್ನುತ್ತಿದ್ದಾರೆ. ಡಾಕ್ಟರಾಗಿದ್ದರೆ ಸಾಲದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಲದು. ನಿಮಗೆ ಬೇಜಾರಾಗಬಹುದು, ಆದರೆ ಎದುರು ವಕೀಲರ ಮಾತಿನಲ್ಲಿ ಹುರುಳಿದೆ.

ತಜ್ಞರ ಅಭಿಪ್ರಾಯದ ಬಗ್ಗೆ ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಸೆಕ್ಷನ್ ಇತ್ತಲ್ಲ, 2024ರ ಜುಲೈ 1ರಿಂದ ಅದೇ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಆಗಿದೆ. ಅದು ಕೇಳೋದು ಡಿಗ್ರಿಯನ್ನಲ್ಲ, ಆ ವಿಷಯದಲ್ಲಿ ವಿಶೇಷ ಪರಿಣತಿಯನ್ನು. 1999ರಲ್ಲಿ ಸುಪ್ರೀಂ ಕೋರ್ಟಿಗೆ ಹಿಮಾಚಲ ಪ್ರದೇಶದ ಸೇಬಿನ ಕೇಸೊಂದು ಬಂದಿತ್ತು. ತೋಟಗಾರಿಕೆ ಅಧಿಕಾರಿಯೊಬ್ಬರು ತೋಟ ನೋಡಿ, ಇದರಲ್ಲಿ ಎಷ್ಟು ಹಣ್ಣು ಬಿಡಬಹುದು ಅಂತ ವರದಿ ಕೊಟ್ಟಿದ್ದರು. ಓದಿದವರೇ, ಇಲಾಖೆಯವರೇ. ಆದರೂ ಸೇಬಿನ ಇಳುವರಿ ಅಂದಾಜು ಮಾಡೋದನ್ನು ಅವರು ವಿಶೇಷವಾಗಿ ಕಲಿತಿರಲಿಲ್ಲ, ಮಾಡಿದ ಅನುಭವವೂ ಇರಲಿಲ್ಲ. ಹಾಗಾಗಿ ಕೋರ್ಟು ಅವರನ್ನು ತಜ್ಞರೆಂದು ಒಪ್ಪಲಿಲ್ಲ. ನಿಮ್ಮ ಚಿಕ್ಕಪ್ಪನವರದ್ದೂ ಅದೇ ಕಥೆ ಆಗುತ್ತೆ. ಹೊಟ್ಟೆಯ ಆಪರೇಷನ್ನಿಗೆ ಏನು ರೇಟು ನಡೀತಿದೆ ಅಂತ ಚರ್ಮದ ಡಾಕ್ಟರಿಗೆ ದಿನಾ ಗೊತ್ತಿರೋ ವಿಷಯವಲ್ಲ. ಸಂಬಂಧಿಕರು ಬೇರೆ, ಅದಕ್ಕೇ ಅವರ ಮಾತಿನ ತೂಕ ಇನ್ನಷ್ಟು ಕಡಿಮೆ.

ಈಗ ಬಿಲ್ಲನ್ನು ಮುಂದಿಟ್ಟುಕೊಳ್ಳಿ. ನೀವು ಕಳಿಸಿದ ಪ್ರತಿಯಲ್ಲಿ ನಾಲ್ಕು ದಿನಕ್ಕೆ 19 ವಿಸಿಟ್ ಚಾರ್ಜ್ ಹಾಕಿದ್ದಾರೆ. ಕೇಸ್ ಶೀಟಿನಲ್ಲಿ ಡಾಕ್ಟರು ಬಂದಾಗೆಲ್ಲ ಬರೆದ ನೋಟ್ಸ್ ಇರುತ್ತೆ, ಟೈಮೂ ಇರುತ್ತೆ. ಅಲ್ಲಿ ಎಂಟೇ ಇದ್ದರೆ ಉಳಿದ ಹನ್ನೊಂದು ಎಲ್ಲಿಂದ ಬಂತು? ಇದನ್ನು ಎಣಿಸೋಕೆ ಯಾವ ತಜ್ಞರೂ ಬೇಡ. ಎಲ್ಲ ವೈದ್ಯಕೀಯ ಕೇಸಿಗೂ ತಜ್ಞ ಸಾಕ್ಷಿ ಬೇಕಿಲ್ಲ ಅಂತ 2010ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಶುಲ್ಕವನ್ನು ಚಿಕಿತ್ಸೆಗೆ ಮುಂಚೆಯೇ ಹೇಳಬೇಕು, ಬೋರ್ಡಿನಲ್ಲಿ ಹಾಕಬೇಕು ಅಂತ ವೈದ್ಯರ 2002ರ ನಡತೆ ನಿಯಮಗಳಲ್ಲೇ ಇದೆ. 70 ಸಾವಿರ ಅಂತ ಬರೆದುಕೊಟ್ಟ ಚೀಟಿ ಇದ್ದರೆ ಅದನ್ನು ಜೋಪಾನ ಮಾಡಿ, ಅದರ ಮುಂದೆ ಬೇರೆ ಸಾಕ್ಷಿ ಎಲ್ಲ ಸಣ್ಣದು.

ತಜ್ಞರು ಬೇಕಾಗೋದು ಒಂದೇ ಕಡೆ. ಆಪರೇಷನ್ ಮಧ್ಯೆ ತೊಂದರೆಯಾಯಿತು, ಇನ್ನೊಬ್ಬ ಸರ್ಜನ್ನನ್ನು ಕರೆಸಬೇಕಾಯಿತು ಅಂತ ಆಸ್ಪತ್ರೆಯವರು ಹೇಳುತ್ತಿದ್ದಾರಲ್ಲ, ಅದು ನಿಜವಾಗಿ ಅಗತ್ಯವಿತ್ತಾ ಅನ್ನೋದಕ್ಕೆ. ಅದಕ್ಕೆ ಇದೇ ಆಪರೇಷನ್ ಮಾಡುವ ಜನರಲ್ ಸರ್ಜನ್ ಬೇಕು. ಅಫಿಡವಿಟ್ಟಿನಲ್ಲಿ ಸುಮ್ನೆ ‘ಜಾಸ್ತಿ’ ಅಂತ ಒಂದು ಸಾಲು ಬರೆದರೆ ಪ್ರಯೋಜನವಿಲ್ಲ. ಎಷ್ಟು ವರ್ಷದಿಂದ ಈ ಆಪರೇಷನ್ ಮಾಡುತ್ತಿದ್ದಾರೆ, ತಾವು ಎಷ್ಟು ತೆಗೆದುಕೊಳ್ಳುತ್ತಾರೆ, ಕೇಸ್ ಶೀಟಿನ ಯಾವ ಪುಟ ನೋಡಿ ಈ ಮಾತು ಹೇಳುತ್ತಿದ್ದಾರೆ, ಯಾಕೆ ಅಂತೆಲ್ಲ ಬರಬೇಕು. ಕಾರಣ ಹೇಳದ ಅಭಿಪ್ರಾಯಕ್ಕೆ ಆಯೋಗ ಬೆಲೆ ಕೊಡೋದಿಲ್ಲ.

ಕೇಸ್ ಶೀಟಿನ ದಾಖಲೆ ಇನ್ನೂ ಕೈಗೆ ಬಂದಿಲ್ಲದಿದ್ದರೆ ಇವತ್ತೇ ಬರವಣಿಗೆಯಲ್ಲಿ ಕೇಳಿ, ವೈದ್ಯರ ಅದೇ 2002ರ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಬಂದ ಮೇಲೆ ಚಿಕ್ಕಪ್ಪನವರನ್ನು ಮನೆಗೆ ಕರೆದು, ಒಂದು ಪೆನ್ಸಿಲ್ ಕೊಟ್ಟು, ಪುಟ ಪುಟ ಓದಿಸಿ. ಆ ಕೈಬರಹ ನಿಮಗೂ ನಿಮ್ಮ ವಕೀಲರಿಗೂ ಅರ್ಥವಾಗೋದು ಕಷ್ಟ, ಅವರಿಗೆ ಆಗುತ್ತೆ.